ಪ್ರತಿಕ್ರಿಯೆ: ಕಷ್ಟದಲ್ಲಿ ಸ್ತೋತ್ರ ಹೇಳುವುದು ನಾಟಕವೇ?
ಕೆಲಸ ಹೋಗಿ, ತಾಯಿ ಹಾಸಿಗೆ ಹಿಡಿದಿರುವಾಗ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆಯ ಸ್ತುತಿ, ಹೇಳಿದರೆ ನಾಟಕವಾಗುವುದಿಲ್ಲವೇ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಬೈಬಲಿನ 1 ಥೆಸಲೊನೀಕ ಪತ್ರದ 5:18ರಲ್ಲಿ ಅಪೊಸ್ತಲ ಪೌಲ 'ಎಲ್ಲಾದರಲ್ಲಿಯೂ' ಕೃತಜ್ಞತಾಸ್ತುತಿ ಮಾಡಿರಿ ಅನ್ನುತ್ತಾನೆ. ಕಾಯಿಲೆ ಬಂತೆಂದು ಹಿಗ್ಗಿರಿ ಅಂತ ಅಲ್ಲಿಲ್ಲ. ಅಳು ಬಂದರೆ ಅತ್ತುಬಿಡಿ. ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 13ನೆಯದು ಶುರುವಾಗುವುದೇ 'ಇನ್ನೆಷ್ಟರವರೆಗೆ' ಎಂಬ ದೂರಿನಿಂದ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ಫಿಲಿಪ್ಪಿ ಪಟ್ಟಣದ ಸೆರೆಮನೆಯಲ್ಲಿ ಪೌಲನೂ ಅವನ ಜೊತೆಗಾರ ಸೀಲನೂ ನಡುರಾತ್ರಿ ಹಾಡಿದಾಗ ಪೆಟ್ಟು ತಿಂದ ಗಾಯಗಳನ್ನು ಇನ್ನೂ ಯಾರೂ ತೊಳೆದಿರಲಿಲ್ಲ.

ಅಪ್ಪನ ಕೊನೆಯ ದಿನಗಳಲ್ಲಿ ನನ್ನಿಂದ ಉದ್ದದ ಪ್ರಾರ್ಥನೆ ಆಗುತ್ತಿರಲಿಲ್ಲ. ಚಮಚದ ನೀರು ಅವರ ಗಂಟಲಿಗೆ ಇಳಿದರೆ 'ಸ್ತೋತ್ರ ಕರ್ತನೇ', ಅಷ್ಟೇ. ಇವತ್ತು ರಾತ್ರಿ ಅಂಥದ್ದೊಂದನ್ನು ಹೇಳಿ ನೋಡಿ. ನಿಮ್ಮ ತಾಯಿಗಾಗಿ ನಾನೂ ಪ್ರಾರ್ಥಿಸುತ್ತೇನೆ.