ಅಜ್ಜನ ಕೊಳಗದಲ್ಲಿ ಮನಿ ಪ್ಲಾಂಟ್

ಹೆಸರು ಬದಲಿಸಿದ್ದೇನೆ, ಊರು ಹೇಳುವುದಿಲ್ಲ, ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅಪ್ಪ, ಮಗ ಇಬ್ಬರೂ ಒಪ್ಪಿದ್ದಾರೆ. ಅಪ್ಪ ಹೂಂ ಅನ್ನಲು ಒಂದು ತಿಂಗಳು ತೆಗೆದುಕೊಂಡರು.

ಮಂಜು ನನ್ನ ಹತ್ತಿರ ಆಪ್ತ ಸಲಹೆಗೆ ಬಂದಿದ್ದು 2025ರ ಮಾರ್ಚ್‌ನಲ್ಲಿ. 35 ವರ್ಷ, ಬೆಂಗಳೂರಲ್ಲಿ ಕೆಲಸ, ಐದು ವರ್ಷದ ಮಗಳಿದ್ದಾಳೆ. ನಿದ್ದೆ ಬರಲ್ಲ ಮೇಡಂ ಅಂದರು. ಊಟ ಹೇಗಿದೆ, ಕೆಲಸ ಸಾಗ್ತಿದೆಯಾ, ಬದುಕೇ ಬೇಡ ಅನ್ನಿಸುತ್ತಾ, ಇದನ್ನೆಲ್ಲ ಕೇಳಿದೆ. ಅದೆಲ್ಲ ಪರವಾಗಿರಲಿಲ್ಲ. ಅಜ್ಜ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, 89 ವರ್ಷ ಆಗಿತ್ತು ಅವರಿಗೆ. ಆಮೇಲೆ ಅಸಲಿ ವಿಷಯ ಬಂತು: ಅಪ್ಪ ಮೂರು ತಿಂಗಳಿಂದ ಮಾತು ಬಿಟ್ಟಿದ್ದಾರೆ.

ಯಾಕೆ? ಒಂದು ಕೊಳಗಕ್ಕೆ.

ಮಲೆನಾಡಿನವರಿಗೆ ಕೊಳಗ ಅಂದರೆ ಗೊತ್ತು. ಭತ್ತ ಅಳೆಯುವ ಮರದ ಪಾತ್ರೆ. ಇವರ ಮನೆಯದ್ದಕ್ಕೆ ಬಾಯಿಯ ಸುತ್ತ ಹಿತ್ತಾಳೆ ಪಟ್ಟಿ ಬೇರೆ ಇತ್ತಂತೆ, ಒಂದು ಕಡೆ ಸಣ್ಣ ಬಿರುಕು, ಅದಕ್ಕೆ ಅಜ್ಜ ಹಾಕಿದ ತಂತಿಯ ಹೊಲಿಗೆ. ತಿಥಿ ಮುಗಿಸಿ ಬರುವಾಗ ಮಂಜು ಅದನ್ನು ಕಾರಲ್ಲಿಟ್ಟುಕೊಂಡು ಬಂದರು. ಪಾಲಿಶ್ ಮಾಡಿಸಿದರು. ಮಣ್ಣು ತುಂಬಿ ಒಂದು ಮನಿ ಪ್ಲಾಂಟ್ ಹಚ್ಚಿ, ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟು, ಫೋಟೋ ತೆಗೆದು ‘ಅಜ್ಜನ ನೆನಪು’ ಅಂತ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಅಪ್ಪ ಗುಂಪಿನಿಂದಲೇ ಹೊರಗೆ ಹೋದರು.

‘ನಾನು ಪ್ರೀತಿಯಿಂದ ಮಾಡಿದ್ದು’ ಅಂತ ನಾಲ್ಕೈದು ಸಲ ಹೇಳಿದರು. ನಿಜವೇ. ಅಪ್ಪನಿಗೆ ಏನು ನೋವಾಯಿತು ಅಂತ ಕೇಳಿದಿರಾ ಅಂದೆ. ಇಲ್ಲ.

ಈ ಮನೆತನದ ಹಿಂದೆ ಒಂದು ನೀರಿನ ಕಥೆ ಇದೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಅದರ ಹಿನ್ನೀರಲ್ಲಿ ಸಾಗರ, ಹೊಸನಗರ ಕಡೆಯ ಎಷ್ಟೋ ಊರು ಹೋದವು. ಇಡೀ ರಾಜ್ಯಕ್ಕೆ ಕರೆಂಟ್ ಬಂತು, ಇವರನ್ನು ಲಾರಿಗೆ ತುಂಬಿ ಶಿವಮೊಗ್ಗದ ಕಡೆಯ ಕಾಡಂಚಿಗೆ ತಂದು ಇಳಿಸಿದರು. ಜನ ಅದಕ್ಕೆ ಹೇಳುವ ಮಾತು ಒಂದೇ, ಮುಳುಗಡೆ. ‘ಮುಳುಗಡೆಗೆ ಮುಂಚೆ’, ‘ಮುಳುಗಡೆ ಆದ್ಮೇಲೆ’, ಹೀಗೇ ಕಾಲ ಎಣಿಸುತ್ತಾರೆ. ಅಲ್ಲಿಂದ ಬಂದ ಅನೇಕರಿಗೆ ಇವತ್ತಿಗೂ ಹಕ್ಕುಪತ್ರ ಸಿಕ್ಕಿಲ್ಲ. ಮಂಜು ಅಪ್ಪನಿಗೆ ಆಗ ನಾಲ್ಕು ವರ್ಷ. ಶಾಲೆಯಲ್ಲಿ ಅವರ ಹೆಸರು ಕರೆಯುತ್ತಿರಲಿಲ್ಲ, ‘ಮುಳುಗಡೆ ಹುಡುಗ’ ಅನ್ನುತ್ತಿದ್ದರು. ಇದು ಮಂಜುಗೆ ಗೊತ್ತಾಗಿದ್ದು ಆಮೇಲೆ.

ಮಂಜುವಿಗೆ ಇನ್ನೊಂದು ಕೊರಗು. ಅಜ್ಜನನ್ನು ಸರಿಯಾಗಿ ಕೇಳಲೇ ಇಲ್ಲ ಅಂತ. ಒಂದು ಸಲ ಫೋನಲ್ಲಿ ರೆಕಾರ್ಡ್ ಮಾಡಲು ಕೂತಿದ್ದರಂತೆ. ಆ ಫೈಲ್ ನನಗೂ ಕೇಳಿಸಿದರು. ಎರಡು ನಿಮಿಷ ಬರೀ ಹುಂಜದ ಕೂಗು, ಆಮೇಲೆ ಅಜ್ಜನ ದನಿ: ‘ಎಂತ ಕೇಳ್ತೀಯ ಮಾರಾಯ, ಎಲ್ಲಾ ನೀರಲ್ಲಿ ಹೋತು.’ ಅಷ್ಟೇ. ನಾನು ಹೇಳಿದೆ, ನೀವು ಕೇಳಿದ್ದೀರಿ, ಅವರು ಹೇಳಲಿಲ್ಲ. ಹೇಳದೆ ಇರುವುದು ಅವರಿಷ್ಟ. ಆ ಎರಡು ನಿಮಿಷವನ್ನೇ ಜೋಪಾನ ಮಾಡಿ, ಇನ್ನೊಂದು ಪ್ರತಿ ಮಾಡಿಡಿ. ಮಂಜು ಅತ್ತರು.

ಈಗ ನನ್ನ ತಪ್ಪು. ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಮರದ ಬೊಡ್ಡೆಗಳು ಕಾಣುತ್ತವೆ, ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮಾತು ತಾನಾಗೇ ಬರುತ್ತೆ ಅಂತ ಸಲಹೆ ಕೊಟ್ಟೆ. ಅಮ್ಮನ ಒತ್ತಾಯಕ್ಕೆ ಅಪ್ಪ ಹೊರಟರು. ಮೇ ತಿಂಗಳು. ಆಗ ಹಿನ್ನೀರು ದಾಟುವ ಸಿಗಂದೂರು ಸೇತುವೆ ಇನ್ನೂ ಉದ್ಘಾಟನೆ ಆಗಿರಲಿಲ್ಲ, ಅಂಬಾರಗೋಡ್ಲು ದಡದಲ್ಲಿ ಲಾಂಚಿಗೆ ಕಾಯುವವರ ಗದ್ದಲ. ಅಪ್ಪ ಮಸಾಲೆ ಮಂಡಕ್ಕಿ ತಿಂದರು, ನೀರಿನ ಕಡೆ ಒಂದು ಸಲ ನೋಡಿದರು, ‘ಬಿಸಿಲು ಜಾಸ್ತಿ, ಹೋಗುವ’ ಅಂದು ಕಾರು ಹತ್ತಿದರು. ವಾಪಸ್ ಬರುವ ದಾರಿಯಿಡೀ ಮಾತಿಲ್ಲ. ಮಂಜು ರಾತ್ರಿ ನನಗೆ ಫೋನ್ ಮಾಡಿ ಸಿಟ್ಟು ತೋರಿಸಿದರು. ತೋರಿಸಬೇಕಾದ್ದೇ. ಮೊಮ್ಮಗನಿಗೆ ಆ ಊರು ಒಂದು ಕಥೆ. ಅಪ್ಪನಿಗೆ ಅದು ಹಸಿವು, ಲಾರಿ, ಅಣಕ. ನಾನು ಅವಸರ ಮಾಡಿದ್ದೆ.

ಆಮೇಲೆ ಕೊಟ್ಟ ಸಲಹೆ ತೀರಾ ಸಣ್ಣದು. ಮನೆತನದ ಇತಿಹಾಸ ಅನ್ನುವ ಮಾತನ್ನೇ ಬಿಡಿ. ಗಿಡ ಕಿತ್ತು, ಕೊಳಗ ಒರೆಸಿ, ವಾಪಸ್ ತೆಗೆದುಕೊಂಡು ಹೋಗಿ. ‘ಪ್ರೀತಿಯಿಂದ ಮಾಡಿದ್ದು’ ಅಂತ ವಾದ ಬೇಡ. ‘ಇದನ್ನ ಎಲ್ಲಿಡಬೇಕು?’ ಅಂತ ಅಪ್ಪನನ್ನೇ ಕೇಳಿ. ಮತ್ತೆ, ಎದುರುಬದುರು ಕೂತು ಕೇಳಬೇಡಿ. ನಮ್ಮ ಕಡೆ ಗಂಡಸರು ಮುಖ ನೋಡಿಕೊಂಡು ಕಷ್ಟ ಹೇಳುವುದು ಕಮ್ಮಿ, ಕೈಗೆ ಕೆಲಸ ಇರಬೇಕು. ಅಡಿಕೆ ಕೊಯ್ಲು ಬರಲಿ, ರಜೆ ಹಾಕಿ, ರಾತ್ರಿ ಮೆಟ್ಟುಗತ್ತಿ ಮುಂದೆ ಅಪ್ಪನ ಪಕ್ಕ ಕೂತು ಅಡಿಕೆ ಸುಲಿಯಿರಿ. ಫೋನ್ ಹೊರಗೆ ತೆಗೆಯಬೇಡಿ. ಅವರು ನಿಲ್ಲಿಸಿದರೆ ನೀವೂ ನಿಲ್ಲಿಸಿ. ಮಾತಾಡಿದ ಮೇಲೆ ಅವರಿಗೆ ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಮುಂದುವರಿಸದೆ ನನಗೆ ತಿಳಿಸಿ.

ಬರೆದಿಡಬೇಕು ಅನ್ನುವ ಆಸೆ ಮಂಜುಗೆ ಬಲವಾಗಿತ್ತು, ಬೇಡ ಅನ್ನಲಿಲ್ಲ. ಮಲಗುವ ಮುಂಚೆ ಒಂದು ನೋಟ್‌ಬುಕ್ಕಲ್ಲಿ ಬರೆಯಿರಿ, ಪ್ರತಿ ಸಾಲಿನ ಎದುರು ಯಾರು ಹೇಳಿದ್ದು ಅಂತ ಹಾಕಿ, ಅಪ್ಪನೋ ಅಮ್ಮನೋ ನಿಮ್ಮದೇ ಊಹೆಯೋ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ, ಯಾರದು ಸರಿ ಅಂತ ತೀರ್ಪು ಕೊಡಲು ಹೋಗಬೇಡಿ. ಅಪ್ಪನ ಶಾಲೆಯ ದಾಖಲಾತಿ ಪುಸ್ತಕ ಸಿಕ್ಕರೆ ಹುಟ್ಟಿದ ಊರು ಏನಂತ ಬರೆದಿದೆ ನೋಡಿ. ಇಷ್ಟು ಸಾಕು ಸದ್ಯಕ್ಕೆ.

ಡಿಸೆಂಬರ್‌ನಲ್ಲಿ ಮಂಜು ಹತ್ತು ದಿನ ಊರಲ್ಲಿದ್ದರು. ಕೊಳಗ ನೋಡಿ ಅಪ್ಪ ಏನೂ ಅನ್ನಲಿಲ್ಲವಂತೆ. ತೆಗೆದುಕೊಂಡು ಹೋಗಿ ಎರಡು ದಿನ ಬಿಸಿಲಿಗೆ ಇಟ್ಟರು. ಮೂರನೇ ರಾತ್ರಿ, ಮಗ ಬೆರಳು ಕುಯ್ದುಕೊಂಡಾಗ, ‘ನಿಮ್ಮಜ್ಜನೂ ಹೀಗೇ, ಗದ್ದೆಯವನಿಗೆ ಅಡಿಕೆ ಎಂತ ಗೊತ್ತು’ ಅಂದು ಶುರು ಮಾಡಿದರು.

ಅಜ್ಜನ ಮನೆ ಗೇಣಿದಾರರದ್ದು, ಅಂದರೆ ಒಡೆಯರ ಗದ್ದೆ ಮಾಡಿ ಅವರಿಗೆ ಭತ್ತ ಅಳೆದು ಕೊಡುವವರು. ಒಡೆಯರ ಮನೆ ಕೊಳಗ ದೊಡ್ಡದು, ಇವರದ್ದು ಸಣ್ಣದು. ಗೇಣಿ ಭತ್ತ ಕೊಡುವ ಮುಂಚೆ ಮನೆಯಲ್ಲಿ ಇದರಲ್ಲಿ ಅಳೆದುಕೊಂಡು ಹೋಗುತ್ತಿದ್ದರು, ಅಲ್ಲಿ ಅಳೆದರೆ ಯಾವಾಗಲೂ ಕಡಿಮೆ ಬೀಳುತ್ತಿತ್ತು. ಈ ಅಳತೆಯ ಜಗಳವೇ ಬೆಳೆದು 1951ರಲ್ಲಿ ಸಾಗರದ ಕಡೆಯ ಗೇಣಿ ರೈತರ ಕಾಗೋಡು ಸತ್ಯಾಗ್ರಹ ಆಗಿದ್ದು. ಎಚ್. ಗಣಪತಿಯಪ್ಪ ರೈತರನ್ನು ಒಟ್ಟು ಮಾಡಿದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನ ಆಗಿದ್ದು ನಾವೆಲ್ಲ ಓದಿರುತ್ತೇವೆ. ಮಂಜು ಕೂಡ ಓದಿದ್ದರು. ಅದು ತನ್ನ ಹಾಲ್‌ನಲ್ಲಿ ಟಿವಿ ಪಕ್ಕ ಕೂತಿತ್ತು ಅಂತ ಮಾತ್ರ ಗೊತ್ತಿರಲಿಲ್ಲ! ಅಜ್ಜನಿಗೆ ಆಗ 16 ವರ್ಷ. ಮೆರವಣಿಗೆಗೆ ಹೋಗಿದ್ದರಾ? ಹೋಗಿದ್ದರು ಅಂತ ಅಪ್ಪ, ಮನೆಯಲ್ಲಿ ಕೂಡಿ ಹಾಕಿದ್ದರು ಅಂತ ಅಮ್ಮ. ನೋಟ್‌ಬುಕ್ಕಲ್ಲಿ ಎರಡೂ ಇದೆ.

ಮುಳುಗಡೆಯಲ್ಲಿ ಪರಿಹಾರ ಹೋಗಿದ್ದು ಜಮೀನಿನ ಒಡೆಯರಿಗೆ, ನಮಗೆ ಏನೂ ಬರಲಿಲ್ಲ ಅಂತ ಅಪ್ಪ ಹೇಳಿದರಂತೆ. ಲಾರಿಯಲ್ಲಿ ಜಾಗ ಇರಲಿಲ್ಲ. ಅಜ್ಜ ಬೀಸುಕಲ್ಲು ಬಿಟ್ಟು ಕೊಳಗ ಹತ್ತಿಸಿದರು. ಅದಕ್ಕೆ ಅಜ್ಜಿ ಸಾಯುವ ತನಕ ಬೈದಳು. ಹೊಸ ಜಾಗದಲ್ಲಿ ಅಳೆಯಲು ಭತ್ತವೇ ಇಲ್ಲದ ವರ್ಷಗಳಲ್ಲೂ ಕೊಳಗದ ತಳದಲ್ಲಿ ಒಂದು ಹಿಡಿ ಭತ್ತ ಇರಲೇಬೇಕಿತ್ತು, ಬರಿದು ಮಾಡುವ ಹಾಗಿರಲಿಲ್ಲ. ನಾಲ್ಕೈದು ವರ್ಷದ ಹುಡುಗ ಹಸಿವಾಗಿ ಆ ಹಿಡಿ ಭತ್ತ ಕದ್ದು ಪೆಟ್ಟು ತಿಂದಿದ್ದ. ಅಂಥದ್ದರಲ್ಲಿ ಮಗ ಮಣ್ಣು ತುಂಬಿದ್ದು.

ಅಪ್ಪ ಹೀಗೆ ಎರಡು ರಾತ್ರಿ ಮಾತಾಡಿದರು. ಅದರ ಮಾರನೇ ರಾತ್ರಿ, ಮುಳುಗಡೆಯ ಮೊದಲ ಮಳೆಗಾಲದಲ್ಲೇ ಜ್ವರ ಬಂದು ತೀರಿಹೋದ ಅಜ್ಜನ ಚಿಕ್ಕ ತಂಗಿಯ ಮಾತು ಬಂದಾಗ ಎದ್ದು ಕೈ ತೊಳೆದು ಮಲಗಿದರು. ಮಂಜು ನನ್ನನ್ನು ಕೇಳಿದರು, ಇದನ್ನು ಕೆದಕಲಾ ಬಿಡಲಾ? ಅಪ್ಪನ ಹತ್ತಿರ ಬೇಡ ಅಂದೆ. ಅಜ್ಜನ ಇನ್ನೊಬ್ಬ ತಂಗಿ ಹೊಸನಗರದ ಕಡೆ ಇದ್ದಾರೆ, 80 ದಾಟಿದೆ, ಮಾತಿನ ಮಲ್ಲಿಯಂತೆ. ಅವರನ್ನು ನೋಡಿ ಬನ್ನಿ, ಆದರೆ ಅಪ್ಪನಿಗೆ ಹೇಳಿಯೇ ಹೋಗಿ.

ನಿದ್ದೆ ಈಗ ಬರುತ್ತಿದೆಯಂತೆ, ಪೂರ್ತಿ ಅಲ್ಲ. ಶಿವರಾತ್ರಿ ಕಳೆದ ಮೇಲೆ ಹೊಸನಗರಕ್ಕೆ ಹೊರಟಿದ್ದಾರೆ. ಏನು ತೆಗೆದುಕೊಂಡು ಹೋಗಲಿ ಮೇಡಂ, ಒಳ್ಳೇ ರೆಕಾರ್ಡರ್ ಒಂದು ಕೊಂಡುಕೊಳ್ಳಲಾ ಅಂತ ಮೊನ್ನೆ ಕೇಳಿದರು. ಎಲೆ ಅಡಿಕೆ ತಗೊಂಡು ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ, ರೆಕಾರ್ಡರ್ ಎರಡನೇ ಸಲಕ್ಕೆ ಇರಲಿ ಅಂದೆ.