ಹಳೇ ಸರ್ವರ್‌ಗೆ ಮೊದಲು ಏನು ಹಾಕಬೇಕು?

ಪ್ರಶ್ನೆ: ಸರ್, 1994ರಲ್ಲಿ ಬಂದ, ಸನ್ ಕಂಪನಿಯ ಸ್ಪಾರ್ಕ್‌ಸರ್ವರ್ 20 ಮಾದರಿಯ ಯಂತ್ರವೊಂದು ನನ್ನ ಕೈಸೇರಿದೆ. ಆನ್ ಮಾಡಿದರೆ ಐಡಿಪ್ರಾಮ್ (ಯಂತ್ರದ ಗುರುತಿನ ವಿವರ ಇರುವ ಜಾಗ) ಸರಿಯಿಲ್ಲ ಎಂದು ತೋರಿಸುತ್ತದೆ. ಬೋರ್ಡ್ ಹೋಗಿದೆ, ಗುಜರಿಗೆ ಹಾಕು ಅಂತಾರೆ ಸ್ನೇಹಿತರು. ನನಗೋ ಮೆಮೊರಿ, ಡಿಸ್ಕ್, ಪ್ರೊಸೆಸರ್ ಎಲ್ಲವನ್ನೂ ಜಾಸ್ತಿ ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ. ಬೋರ್ಡ್ ಹೋಗಿದ್ದರೆ ಆ ಸಂದೇಶವೂ ಬರುತ್ತಿರಲಿಲ್ಲ ಅಲ್ವಾ? ಹೋಗಿರುವುದು ಬ್ಯಾಟರಿ.

ಮುಚ್ಚಳ ತೆಗೆದು ನೋಡಿ. ಉಳಿದವಕ್ಕಿಂತ ಎತ್ತರಕ್ಕೆ, ಟೊಪ್ಪಿ ಹಾಕಿಕೊಂಡಂತೆ ಕೂತಿರುವ 28 ಕಾಲಿನ ಕಪ್ಪು ಚಿಪ್ ಒಂದಿದೆ. ಅದರ ಹೆಸರು ಎಂ48ಟಿ08. ಗಡಿಯಾರ, ಚೂರು ಮೆಮೊರಿ, ಲಿಥಿಯಂ ಬ್ಯಾಟರಿ ಮೂರೂ ಅದೇ ಪ್ಲಾಸ್ಟಿಕ್ ಒಳಗೆ. ಯಂತ್ರದ ಹೋಸ್ಟ್‌ಐಡಿ, ಅಂದರೆ ಗುರುತಿನ ಸಂಖ್ಯೆ, ಮತ್ತು ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಈಥರ್ನೆಟ್ ವಿಳಾಸ ಇರುವುದೂ ಅಲ್ಲೇ. ಬ್ಯಾಟರಿ ಮುಗಿದರೆ ಎಲ್ಲ ಅಳಿಸಿಹೋಗುತ್ತದೆ. ಇಷ್ಟು ಚೆನ್ನಾಗಿ ಕಟ್ಟಿದ ಯಂತ್ರಗಳು ಇಷ್ಟು ಸಣ್ಣ ಕಾರಣಕ್ಕೆ ಗುಜರಿ ಸೇರುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಚಿಪ್ ಸಾಕೆಟ್‌ನಲ್ಲಿರುತ್ತದೆ. ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಮೇಲೆ ಬಾರ್‌ಕೋಡ್ ಚೀಟಿ ಇದ್ದರೆ ಕೀಳಬೇಡಿ, ಫೋಟೊ ತೆಗೆದಿಡಿ. ಹೊಸ ಚಿಪ್ ತರಿಸುವುದಾದರೆ ತಯಾರಾದ ವರ್ಷ ಕೇಳಿಯೇ ತರಿಸಿ. ಹಳೇ ದಾಸ್ತಾನಿನದಾದರೆ ಅದರ ಬ್ಯಾಟರಿಯೂ ಮುಗಿದಿರಬಹುದು. ಬೆಸುಗೆ ಗೊತ್ತಿದ್ದರೆ ಇನ್ನೊಂದು ದಾರಿ ಇದೆ. ಪ್ಲಾಸ್ಟಿಕ್ಕನ್ನು ಅರದಿಂದ ಉಜ್ಜಿ, ಒಳಗಿನ ಬ್ಯಾಟರಿಯ ಸಂಪರ್ಕ ಕತ್ತರಿಸಿ, ಹೊರಗಿನಿಂದ 3 ವೋಲ್ಟಿನ ಸಿಆರ್2032 ಸೆಲ್ ಜೋಡಿಸಬಹುದು. ಆ ಕತ್ತರಿಸುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಹಳೇ ಬ್ಯಾಟರಿ ಹೊಸದನ್ನು ಹೀರಿಬಿಡುತ್ತದೆ.

ಆಮೇಲೆ ‘ಓಕೆ’ ಎಂದು ಕಾಯುವ ಸಾಲಿನಲ್ಲಿ ಎಂಕೆಪಿ (mkp) ಆಜ್ಞೆ ಕೊಟ್ಟು ಅಳಿಸಿಹೋದ ಆ ವಿವರಗಳನ್ನು ಒಂದೊಂದೇ ಬೈಟ್ ಆಗಿ ತುಂಬಬೇಕು. ಸನ್ ಯಂತ್ರಗಳ ಈಥರ್ನೆಟ್ ವಿಳಾಸ ಆ ಕಾಲದಲ್ಲಿ 08:00:20 ಎಂದೇ ಶುರುವಾಗುತ್ತಿತ್ತು. ಕೊನೆಯ ಬೈಟ್ ಲೆಕ್ಕ ತಾಳೆ ನೋಡಲು ಇರುವುದು. ಅದು ತಪ್ಪಿದರೆ ಅದೇ ದೂರು ಮತ್ತೆ ಬರುತ್ತದೆ.

ಇನ್ನು ಜಾಸ್ತಿ ಮಾಡುವ ವಿಷಯ. ಮೊದಲು ಮೆಮೊರಿ ಹಾಕಿ. 8 ಸ್ಲಾಟ್ ಇವೆ, ಒಂದೊಂದಕ್ಕೆ 64 ಎಂಬಿ, ಒಟ್ಟು 512 ಎಂಬಿ. 200 ಪಿನ್ನಿನ ಅದರದೇ ಪಟ್ಟಿ ಬೇಕು, ಪಿಸಿಯದು ನಡೆಯಲ್ಲ. ಡಿಸ್ಕಿನಲ್ಲಿ ವೇಗದ ಹಿಂದೆ ಓಡಬೇಡಿ. ಒಳಗಿನ ಸ್ಕಜ್ಜಿ (SCSI), ಅಂದರೆ ಡಿಸ್ಕ್ ಜೋಡಿಸುವ ದಾರಿಯ ಮಿತಿಯೇ ಸೆಕೆಂಡಿಗೆ 10 ಎಂಬಿ. ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಡಿಸ್ಕ್ ಹಾಕಿದರೆ ಆ ಚಪ್ಪಟೆ ಪೆಟ್ಟಿಗೆಗೆ ಸಿಗುವುದು ಸುಮ್ನೆ ಬಿಸಿ. ಎಸ್‌ಡಿ ಕಾರ್ಡನ್ನೇ ಸ್ಕಜ್ಜಿ ಡಿಸ್ಕಿನಂತೆ ತೋರಿಸುವ ಬೋರ್ಡ್‌ಗಳು ಈಗ ಇವೆ, ಅದೇ ನನ್ನ ಆಯ್ಕೆ. ಹಳೇ ಡಿಸ್ಕ್ ಇನ್ನೂ ತಿರುಗುತ್ತಿದ್ದರೆ ಮೊದಲು ಅದರ ಪೂರ್ತಿ ಪ್ರತಿ ತೆಗೆದಿಡಿ. ಪ್ರೊಸೆಸರ್ ಕೊನೆಗೆ. ಪ್ರೊಸೆಸರ್ ಕೂರಿಸುವ ಎಂಬಸ್ ಸ್ಲಾಟ್ ಎರಡಿವೆ, ಒಂದೊಂದರಲ್ಲೂ ಎರಡು ಪ್ರೊಸೆಸರ್ ಇರುವ ಜೋಡಿ ಮಾಡ್ಯೂಲ್ ಸಿಕ್ಕರೆ ನಾಲ್ಕು ಪ್ರೊಸೆಸರ್ ಆಗುತ್ತದೆ. ಸೂಪರ್‌ಸ್ಪಾರ್ಕ್, ಹೈಪರ್‌ಸ್ಪಾರ್ಕ್ ಎಂಬ ಎರಡು ಬಗೆಯ ಪ್ರೊಸೆಸರ್ ಬೆರೆಸಬೇಡಿ. ಸನ್‌ನದೇ ಆಪರೇಟಿಂಗ್ ಸಿಸ್ಟಂ ಸೊಲಾರಿಸ್‌ನಲ್ಲಿ ಈ ಯಂತ್ರಕ್ಕೆ 9ನೇ ಆವೃತ್ತಿಯೇ ಕೊನೆ. ಹೊಸದು ಬೇಕೆಂದರೆ ನೆಟ್‌ಬಿಎಸ್‌ಡಿ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಇದೆ.

ಪ್ರಶ್ನೆ: ನನ್ನ ಸರ್ವರ್‌ನಲ್ಲಿ 200 ಮೆಗಾಹರ್ಟ್ಸ್‌ನ ಎರಡು ಪೆಂಟಿಯಂ ಪ್ರೊ ಪ್ರೊಸೆಸರ್ ಇವೆ. ಇದಕ್ಕಿಂತ ಮೇಲಕ್ಕೆ ಹೋಗಬಹುದೇ?

ಉತ್ತರ: ಹೋಗಬಹುದು. ಇಂಟೆಲ್ 1998ರಲ್ಲಿ ಅದೇ ಸಾಕೆಟ್ 8ಕ್ಕೆ 333 ಮೆಗಾಹರ್ಟ್ಸ್‌ನ ಪೆಂಟಿಯಂ 2 ಓವರ್‌ಡ್ರೈವ್ ತಂದಿತು. ಒಂದು ಟೆರಾಫ್ಲಾಪ್ (ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ) ದಾಟಿದ ಮೊದಲ ಕಂಪ್ಯೂಟರ್, ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಆಸ್ಕಿ ರೆಡ್, 1999ರಲ್ಲಿ ಪೆಂಟಿಯಂ ಪ್ರೊ ಕಳಚಿ ಇದನ್ನೇ ಹಾಕಿಕೊಂಡಿತ್ತು. ಆದರೆ ನಿಮ್ಮ ಬೋರ್ಡಿನ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ) ಆ ಓವರ್‌ಡ್ರೈವನ್ನು ಗುರುತಿಸಬೇಕು. ಕೊಳ್ಳುವ ಮೊದಲು ಅದನ್ನು ಖಚಿತ ಮಾಡಿಕೊಳ್ಳಿ, ಮೇಲಿರುವ ಫ್ಯಾನ್ ತಿರುಗುತ್ತದೆಯೇ ಎಂದೂ ಕೇಳಿ. ತೆಗೆದ ಹಳೇ ಪೆಂಟಿಯಂ ಪ್ರೊ ಜೋಡಿಯನ್ನು, ಒಳಗಿನ ಚಿನ್ನಕ್ಕಾಗಿ ಚಿಪ್ ಕರಗಿಸುವವರಿಗೆ ಮಾತ್ರ ಕೊಡಬೇಡಿ. ಹಾಗೆ ಕರಗಿಹೋದವು ಈಗಾಗಲೇ ಬೇಕಾದಷ್ಟಿವೆ. ಕಾಲುಗಳು ಬಾಗದಂತೆ ಗಟ್ಟಿ ಡಬ್ಬಿಯಲ್ಲಿ ಎತ್ತಿಡಿ, ಓವರ್‌ಡ್ರೈವ್ ಕೈಕೊಟ್ಟ ದಿನ ಅವೇ ಬೇಕಾಗುತ್ತವೆ.