ಒಂದೇ ತರಗತಿ, ಬೇರೆ ಬೇರೆ ಮಟ್ಟ: ಗಣಿತಕ್ಕೆ ಗುಂಪು ಮಾಡುವುದು ಹೇಗೆ?

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ 4ನೇ ತರಗತಿಗೆ ಗಣಿತ ಕಲಿಸುತ್ತೇನೆ. 28 ಮಕ್ಕಳು. ಕೆಲವರು ಕಳೆಯುವ ಲೆಕ್ಕ ಬೇಗ ಮುಗಿಸಿ ಗಲಾಟೆ ಶುರು ಮಾಡುತ್ತಾರೆ. ಕೆಲವರಿಗೆ ಸಾಲ ತೆಗೆದುಕೊಂಡು ಕಳೆಯುವುದೇ ಬರುವುದಿಲ್ಲ. ಜಾಣರು, ದಡ್ಡರು ಅಂತ ಬೇರೆ ಕೂರಿಸಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಹಾಗೆ ಕೂರಿಸುವುದು ಬೇಡವೇ ಬೇಡ ಮೇಡಂ. ಆದರೆ ಗುಂಪು ಬೇಕು. ಯಾರು ಎಲ್ಲಿ ಎಡವುತ್ತಾರೆ ಅಂತ ನೋಡಿ ಮಾಡಿ.

ನಾಳೆ ಸ್ಲೇಟಿನಲ್ಲಿ ಮೂರೇ ಲೆಕ್ಕ ಕೊಡಿ: 68 − 24, 52 − 27, 403 − 178. ಎರಡನೆಯದಕ್ಕೆ 35 ಅಂತ ಬರೆದವರು ಸಿಕ್ಕೇ ಸಿಗುತ್ತಾರೆ. 2ರಲ್ಲಿ 7 ಹೋಗುವುದಿಲ್ಲ ಅಂತ ತಿರುಗಿಸಿ 7ರಲ್ಲಿ 2 ಕಳೆದಿರುತ್ತಾರೆ. ಇವರು ನಿಮ್ಮ ಮೊದಲ ಗುಂಪು. ಇನ್ನು ಕೆಲವರು 403ರ ಸೊನ್ನೆ ಹತ್ತಿರ ಬಂದು ನಿಲ್ಲುತ್ತಾರೆ. ಅದು ಬೇರೆ ಗುಂಪು.

ಮೊದಲ ಗುಂಪನ್ನು ಚಾಪೆ ಮೇಲೆ ನಿಮ್ಮ ಸುತ್ತ ಕೂರಿಸಿಕೊಳ್ಳಿ. ಆರೇಳು ಮಕ್ಕಳಿಗಿಂತ ಜಾಸ್ತಿ ಬೇಡ, ಎಲ್ಲರ ಕೈ ನಿಮಗೆ ಕಾಣಬೇಕು. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಡಿ. '27 ಕಡ್ಡಿ ನನಗೆ ಕೊಡು' ಅನ್ನಿ. ಎರಡು ಕಟ್ಟು ತಕ್ಷಣ ಕೊಡುತ್ತಾರೆ. ಏಳು ಬಿಡಿ ಕೇಳಿದಾಗ ತಡವರಿಸುತ್ತಾರೆ. ಆಗ ನೀವು ಸುಮ್ನೆ ಇರಿ. ಒಂದು ಕಟ್ಟು ಬಿಚ್ಚಬೇಕು ಅಂತ ಮಗುವಿಗೇ ಹೊಳೆಯಲಿ. ಬಿಚ್ಚಿದ ಕೂಡಲೇ ಸ್ಲೇಟಿನಲ್ಲಿ 5 ಹೊಡೆದು 4, 2ರ ಜಾಗದಲ್ಲಿ 12 ಬರೆಸಿ. ಕಡ್ಡಿ ಒಂದು ದಿನ, ಸ್ಲೇಟು ಇನ್ನೊಂದು ದಿನ ಆದರೆ ಎರಡಕ್ಕೂ ನಂಟು ಕೂಡುವುದಿಲ್ಲ.

ಅಷ್ಟು ಹೊತ್ತು ಉಳಿದವರಿಗೆ ನಿಮ್ಮನ್ನು ಕೇಳದೆ ಮಾಡುವ ಕೆಲಸ ಬೇಕು, ಅಲ್ವಾ? 403ರ ಗುಂಪು ರಟ್ಟಿನ 100, 10, 1ರ ನೋಟು ಇಟ್ಟುಕೊಂಡು ಇಬ್ಬಿಬ್ಬರಾಗಿ ಚಿಲ್ಲರೆ ಮಾಡಲಿ. ಬೇಗ ಮುಗಿಸುವವರಿಗೆ ಅದೇ ಥರದ ಲೆಕ್ಕ ಇನ್ನಷ್ಟು ಕೊಟ್ಟರೆ ಅದು ಶಿಕ್ಷೆ. 'ಉತ್ತರ 25 ಬರಬೇಕು, ಸಾಲ ತೆಗೆದುಕೊಳ್ಳಲೇಬೇಕು. ಅಂಥ ಲೆಕ್ಕ ಎಷ್ಟು ಕಟ್ಟುತ್ತೀರಿ?' ಅಂತ ಕೇಳಿ. ಮೇಲಿನ ಸಂಖ್ಯೆಯ ಬಿಡಿ ಸ್ಥಾನ 4 ದಾಟುವುದೇ ಇಲ್ಲ ಅಂತ ಯಾರಾದರೂ ಕಂಡುಹಿಡಿದರೆ, ಯಾಕೆ ಅಂತ ಕೇಳಲು ಮರೆಯಬೇಡಿ.

ಮಕ್ಕಳಿಗೆ ಇದು ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಅನ್ನುವ ಚಟುವಟಿಕೆ ಆಧಾರಿತ ಪದ್ಧತಿಯಲ್ಲಿ 3ನೇ ತರಗತಿವರೆಗೆ ಗುಂಪಿನಲ್ಲೇ ಕಲಿಯುತ್ತಾರೆ.

ವಾರಕ್ಕೊಮ್ಮೆ ಹೊಸ ಮೂರು ಲೆಕ್ಕ ಕೊಟ್ಟು ಗುಂಪು ಬದಲಿಸಿ. ಯಾರಾದರೂ ಚಾಪೆ ಬಿಟ್ಟು ಏಳುತ್ತಲೇ ಇಲ್ಲ ಅಂದರೆ 12 − 7 ಬಾಯಲ್ಲಿ ಕೇಳಿ ನೋಡಿ. ಅದೇ ಬರದಿದ್ದರೆ ಕಟ್ಟುಗಳನ್ನು ಪಕ್ಕಕ್ಕಿಟ್ಟು, 20ರ ಒಳಗಿನ ಕಳೆಯುವ ಲೆಕ್ಕದಿಂದ ಹಿಡಿಯಿರಿ.